ಕಿತ್ತಿದ್ದಾಯಿತು, ಹಚ್ಚುವುದು ಬಾಕಿ ಇದೆ: ಬೇಗ ಬೆಳೆಯುವ ಮರಗಳ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ, ಇಲಾಖೆಯ ಅಧಿಕಾರಿಗಳೇ, ಬಯಲುಸೀಮೆಯ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರೇ, ಸದಸ್ಯರೇ,

ನಮಸ್ಕಾರ.

ನಾನು ಕೋಲಾರ ಜಿಲ್ಲೆಯ ಒಬ್ಬ ರೈತ. ಮೂರೂವರೆ ಎಕರೆ ಖುಷ್ಕಿ ಜಮೀನಿದೆ. ರಾಗಿ, ಅವರೆ, ತೊಗರಿ, ಕಡಲೆಕಾಯಿ ಬೆಳೆಯುತ್ತೇನೆ. ನಮ್ಮೂರಿನ ಪಕ್ಕದಲ್ಲಿ ಆರು ಎಕರೆ ಗೋಮಾಳ ಬೋಳಾಗಿ ಬಿದ್ದಿದೆ. ಹೋದ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಹೇಳಿದೆ: "ಈ ಮಳೆಗಾಲಕ್ಕೆ ಅಲ್ಲಿ ಬೇಗ ಬೆಳೆಯೋ ಮರ ಹಾಕೋಣ." ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೂಗಿದರು. "ಮತ್ತೆ ನೀಲಗಿರೀನಾ? ಬೇಡಪ್ಪ, ಸಾಕು." ಸಭೆಯೆಲ್ಲ ತಲೆಯಾಡಿಸಿತು. ವಿಷಯ ಅಲ್ಲಿಗೆ ನಿಂತುಹೋಯಿತು.

ಆ ಹಿರಿಯರ ಮೇಲೆ ನನಗೆ ಕೋಪವಿಲ್ಲ. ಅವರ ಮಾತಿನ ಹಿಂದೆ ನಲವತ್ತು ವರ್ಷದ ನೋವಿದೆ. ಆದರೆ ಅದೇ ನೋವು ಈಗ ನಮ್ಮ ಕೈ ಕಟ್ಟಿಹಾಕಿದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನೀಲಗಿರಿ ನಮ್ಮ ಭಾಗಕ್ಕೆ ಹೊಸದಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲೇ, 1790ರ ಸುಮಾರಿಗೆ, ನಂದಿ ಬೆಟ್ಟದ ತೋಟಕ್ಕೆ ಬಂದಿತ್ತು. ಆದರೆ ಅದು ನಮ್ಮಂಥವರ ಹೊಲಗಳಿಗೆ ದೊಡ್ಡ ಪ್ರಮಾಣದಲ್ಲಿ ಇಳಿದದ್ದು 1980ರ ದಶಕದಲ್ಲಿ, ಸಾಮಾಜಿಕ ಅರಣ್ಯ ಯೋಜನೆಯ ಜೊತೆಗೆ. ದನ ತಿನ್ನುವುದಿಲ್ಲ, ಹಾಗಾಗಿ ಕಾಯುವ ಕೆಲಸವಿಲ್ಲ. ಆರೇಳು ವರ್ಷಕ್ಕೆ ಕಡಿದರೆ ಲಾರಿ ಮನೆ ಬಾಗಿಲಿಗೆ ಬರುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷವೂ ನೀಲಗಿರಿ ನಾಲ್ಕು ಕಾಸು ಕೊಡುತ್ತಿತ್ತು. ನಮ್ಮಪ್ಪನೂ ಎರಡು ಎಕರೆಗೆ ಹಾಕಿದರು. ನಮ್ಮಕ್ಕನ ಮದುವೆ ಆದದ್ದು ಆ ದುಡ್ಡಿನಲ್ಲೇ. ಅದನ್ನು ನಾನು ಮರೆತಿಲ್ಲ.

ಆದರೆ ಮರ ಕೊಟ್ಟಿದ್ದು ಎಷ್ಟು, ತೆಗೆದುಕೊಂಡದ್ದು ಎಷ್ಟು ಅನ್ನುವ ಲೆಕ್ಕ ಆಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. 1990ರ ಆಸುಪಾಸಿನಲ್ಲಿ ಬ್ರಿಟನ್ನಿನ ವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಅವರ ಜೊತೆಗಾರರು ಕರ್ನಾಟಕದ ಒಣ ಪ್ರದೇಶದಲ್ಲಿ ಮರಗಳು ಎಷ್ಟು ನೀರು ಎಳೆಯುತ್ತವೆ ಎಂದು ಅಳೆದರು. ನಮ್ಮ ಪಕ್ಕದ ಹೊಸಕೋಟೆಯ ಒಬ್ಬ ರೈತನ ಹೊಲದಲ್ಲಿ ಸಿಕ್ಕ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮಳೆ ಕಡಿಮೆಯಿದ್ದ ಮೂರು ವರ್ಷಗಳಲ್ಲಿ ಅಲ್ಲಿ ಬಿದ್ದ ಮಳೆ ಒಟ್ಟು ಸುಮಾರು 2,100 ಮಿಲಿಮೀಟರ್. ನೀಲಗಿರಿ ಎಳೆದು ಗಾಳಿಗೆ ಬಿಟ್ಟ ನೀರು ಸುಮಾರು 3,400 ಮಿಲಿಮೀಟರ್. ಬಂದ ಮಳೆಗಿಂತ ಜಾಸ್ತಿ ಹೇಗೆ ಸಾಧ್ಯ? ಬೇರು ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತಿತ್ತು. ಮಣ್ಣಿನ ಆಳದಲ್ಲಿ ಎಷ್ಟೋ ವರ್ಷಗಳಿಂದ ಕೂಡಿಟ್ಟ ತೇವವನ್ನು ಅದು ಮೇಲೆತ್ತುತ್ತಿತ್ತು.

ಅದೇ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಅದನ್ನು ಹೇಳುವವರು ಕಡಿಮೆ. ಮಣ್ಣು ಅಷ್ಟು ಆಳವಿಲ್ಲದ ಜಾಗಗಳಲ್ಲಿ ನೀಲಗಿರಿ ನಮ್ಮ ನಾಡಿನ ಎಲೆ ಉದುರುವ ಕಾಡಿಗಿಂತ ಹೆಚ್ಚೇನೂ ನೀರು ಕುಡಿಯಲಿಲ್ಲ. ಆದರೆ ಕಾಡಾಗಲಿ, ನೀಲಗಿರಿಯಾಗಲಿ, ರಾಗಿ ಹೊಲಕ್ಕಿಂತ ಸುಮಾರು ಎರಡರಷ್ಟು ನೀರು ಬಳಸಿತು. ಅಂದರೆ ಬೇಗ ಬೆಳೆಯುವ ಮರ ಯಾವುದೇ ಇರಲಿ, ಅದಕ್ಕೆ ನೀರು ಬೇಕೇ ಬೇಕು. ಎಲ್ಲಿ ಹಾಕುತ್ತೇವೆ, ಎಷ್ಟು ಒತ್ತಾಗಿ ಹಾಕುತ್ತೇವೆ, ಅಡಿಯ ಮಣ್ಣು ಎಂಥದ್ದು ಎನ್ನುವುದರ ಮೇಲೆ ಎಲ್ಲ ನಿಂತಿದೆ.

ನಮ್ಮ ರೈತರಿಗೆ ಇದು ಯಂತ್ರ ಇಟ್ಟು ಅಳೆಯುವ ಮೊದಲೇ ಅರ್ಥವಾಗಿತ್ತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಗುಂಪಾಗಿ ನರ್ಸರಿಗೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಇತ್ತ ಸರ್ಕಾರ ಮತ್ತು ಒಂದು ಖಾಸಗಿ ಕಾರ್ಖಾನೆ ಸೇರಿ ಕಟ್ಟಿದ ಕಂಪನಿಗೆ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಜಮೀನನ್ನು ನೀಲಗಿರಿ ಬೆಳೆಯಲು ಕೊಡುವ ಏರ್ಪಾಡಾಯಿತು. ಅದರ ವಿರುದ್ಧ 1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಎಸ್.ಆರ್. ಹಿರೇಮಠರ ಮುಂದಾಳತನದಲ್ಲಿ ಸತ್ಯಾಗ್ರಹ ನಡೆಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನವರೆಗೂ ಹೋದರು. ಕೊನೆಗೆ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಆ ಸತ್ಯಾಗ್ರಹದ ಹೆಸರು 'ಕಿತ್ತಿಕೊ-ಹಚ್ಚಿಕೊ'. ಆ ಕಡೆ ಗಿಡ ಹಚ್ಚುವುದು ಅಂದರೆ ನೆಡುವುದು. ಅವತ್ತು ಜನ ನೀಲಗಿರಿ ಕಿತ್ತು ಸುಮ್ನೆ ಮನೆಗೆ ಹೋಗಲಿಲ್ಲ. ತಮಗೆ ಬೇಕಾದ ಹಣ್ಣಿನ ಗಿಡ, ಮೇವಿನ ಗಿಡಗಳನ್ನು ಅಲ್ಲೇ ಹಚ್ಚಿದರು.

2017ರಲ್ಲಿ ಸರ್ಕಾರ ನೀಲಗಿರಿ, ಅಕೇಶಿಯಾ ನೆಡುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ನಮ್ಮ ಜಿಲ್ಲೆಯಲ್ಲಿ ಜೆಸಿಬಿ ತಂದು ಬುಡಸಮೇತ ಕೀಳುವ ಕೆಲಸವೂ ಸಾಕಷ್ಟು ನಡೆಯಿತು. ಆದರೆ ಕಿತ್ತ ಜಾಗಗಳನ್ನು ಒಮ್ಮೆ ಬಂದು ನೋಡಿ. ಬಳ್ಳಾರಿ ಜಾಲಿ ಹಬ್ಬಿದೆ. ಇಲ್ಲವೇ ಬೋಳು ನೆಲ, ಬೇಸಗೆಯಲ್ಲಿ ಕೆಂಪು ದೂಳು. ಕಿತ್ತಿಕೊ ಆಯಿತು. ಹಚ್ಚಿಕೊ ಎನ್ನುವ ಅರ್ಧ ಮಾತನ್ನು ನಾವು ಮರೆತುಬಿಟ್ಟೆವು. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಆ ಉಳಿದ ಅರ್ಧವನ್ನು.

ನೀಲಗಿರಿಯ ವಿಷಯದಲ್ಲಿ ನಾವು ಮಾಡಿದ ತಪ್ಪು ಅದು ಬೇಗ ಬೆಳೆಯಿತು ಅನ್ನುವುದಲ್ಲ. ಒಂದೇ ಜಾತಿ ಹಾಕಿದೆವು. ಮನುಷ್ಯ ನುಸುಳದಷ್ಟು ಒತ್ತಾಗಿ ಹಾಕಿದೆವು. ಅನ್ನ ಕೊಡುವ ಹೊಲಕ್ಕೂ, ದನ ಮೇಯುವ ಗೋಮಾಳಕ್ಕೂ ಹಾಕಿದೆವು. ಅದರ ಎಲೆಯನ್ನು ದನ ತಿನ್ನುವುದಿಲ್ಲ, ಹಣ್ಣಿಲ್ಲ, ಸೊಪ್ಪು ಗೊಬ್ಬರಕ್ಕೆ ಬರುವುದಿಲ್ಲ. ಊರಿಗೆ ಬೇಕಾದ ಮರ ಯಾವುದು ಎಂದು ಯಾರೂ ಊರನ್ನು ಕೇಳಲಿಲ್ಲ. ಕಾರ್ಖಾನೆಗೆ ಬೇಕಾದ ಮರ ಬಂತು.

ಅಪ್ಪ ತೀರಿಕೊಂಡ ಮರುವರ್ಷ ನಾನೂ ನಮ್ಮ ನೀಲಗಿರಿ ಕೀಳಿಸಿದೆ. ಮೊದಲ ವರ್ಷ ರಾಗಿ ಹಾಕಿದರೆ ಮೊಣಕಾಲುದ್ದವೂ ಬರಲಿಲ್ಲ. ಮಣ್ಣು ಸತ್ತಂತಿತ್ತು. ಒಂದು ಹಿಡಿ ತೆಗೆದರೆ ಎರೆಹುಳ ಬಿಡಿ, ಇರುವೆಯೂ ಕಾಣುತ್ತಿರಲಿಲ್ಲ. ಗೊಬ್ಬರ ಕೊಂಡು ಹಾಕುವ ಶಕ್ತಿ ಇರಲಿಲ್ಲ. ಆಗ ಪಕ್ಕದ ಊರಿನ ಒಬ್ಬ ರೈತರು ಒಂದು ಹೊರೆ ಗ್ಲಿರಿಸಿಡಿಯಾ ಕಡ್ಡಿ ಕೊಟ್ಟರು. ನಮ್ಮ ಕಡೆ ಅದಕ್ಕೆ ಗೊಬ್ಬರದ ಗಿಡ ಅಂತಲೇ ಹೆಸರು. ಮುಂಗಾರಿನ ಮೊದಲ ಹದ ಮಳೆಗೆ ಬದುವಿನ ಉದ್ದಕ್ಕೂ ಊರಿದೆ. ಅಷ್ಟೇ. ಒಂದು ವರ್ಷಕ್ಕೆ ಆಳುದ್ದ ಮೀರಿ ಬೆಳೆಯಿತು. ಎರಡನೇ ವರ್ಷದಿಂದ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿದು ಹೊಲಕ್ಕೆ ಹರಡುತ್ತಿದ್ದೇನೆ. ಕೆಲವೇ ವಾರಗಳಲ್ಲಿ ಕೊಳೆತು ಮಣ್ಣಾಗುತ್ತದೆ.

ಇದರ ಗುಟ್ಟು ಬೇರಿನಲ್ಲಿದೆ. ಗ್ಲಿರಿಸಿಡಿಯಾ, ಹೊಂಗೆ, ಅಗಸೆ ಮರ, ಇವೆಲ್ಲ ಅವರೆ, ತೊಗರಿಯ ನೆಂಟರು. ಇವುಗಳ ಬೇರಿನಲ್ಲಿ ಚಿಕ್ಕ ಚಿಕ್ಕ ಗಂಟುಗಳಿರುತ್ತವೆ. ಆ ಗಂಟುಗಳಲ್ಲಿ ಕೂತ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಅದು ಎಲೆಗೆ ಬರುತ್ತದೆ, ಎಲೆಯಿಂದ ನೆಲಕ್ಕೆ. ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುವುದೂ ಇದೇ ಸಾರಜನಕವನ್ನೇ. ನಮ್ಮ ಅಜ್ಜಿಯ ಕಾಲದಲ್ಲಿ ಕೆರೆ ಕೆಳಗಿನ ಗದ್ದೆಗೆ ಹೊಂಗೆ ಸೊಪ್ಪು ತುಳಿಯದೆ ನಾಟಿ ಮಾಡುತ್ತಿರಲಿಲ್ಲ. ಅವರಿಗೆ ಸಾರಜನಕದ ಹೆಸರು ಗೊತ್ತಿರಲಿಲ್ಲ, ಸೊಪ್ಪು ಬಿದ್ದ ಗದ್ದೆಯ ಪೈರು ಕಪ್ಪಗಿರುತ್ತದೆ ಅನ್ನುವುದು ಗೊತ್ತಿತ್ತು. ಈಗ ನನ್ನ ಹೊಲದಲ್ಲಿ ಮಳೆ ಬಿದ್ದ ಮರುದಿನ ಎರೆಹುಳದ ಹಿಕ್ಕೆ ಸಿಗುತ್ತದೆ. ಮೊದಲ ಸಲ ಅದನ್ನು ಕಂಡ ದಿನ ಹೆಂಡತಿಯನ್ನು ಕರೆದು ತೋರಿಸಿದ್ದೆ.

ಬದುವಿನ ಮೂಲೆಗಳಿಗೆ, ದಾರಿಯ ಪಕ್ಕಕ್ಕೆ ಹೊಂಗೆ ಹಾಕಿದೆ. ಹೊಂಗೆ ಹೆಬ್ಬೇವಿನಷ್ಟು ಓಡುವ ಮರವಲ್ಲ. ಆದರೆ ನಾಲ್ಕೈದು ವರ್ಷಕ್ಕೆ ಕೆಳಗೆ ಕೂರುವಷ್ಟು ನೆರಳು ಕೊಡುತ್ತದೆ. ಯುಗಾದಿಯ ಹೊತ್ತಿಗೆ, ಉಳಿದ ಮರಗಳು ಬಿಸಿಲಿಗೆ ಬಸವಳಿದಾಗ, ಹೊಂಗೆ ತಳತಳ ಹೊಸ ಎಲೆ ಹೊದ್ದು ನಿಂತಿರುತ್ತದೆ. ಆಮೇಲೆ ಹೂವು, ಜೇನು. ಬೀಜಕ್ಕೆ ಎಣ್ಣೆ, ಹಿಂಡಿಗೆ ಬೆಲೆ. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಮಾಡಿ ಹೊಂಗೆ ಎಣ್ಣೆಯಿಂದ ಡೀಸೆಲ್ ತೆಗೆದು ತೋರಿಸಿದ್ದೂ ಇದೆ.

ನಡುವೆ ನಡುವೆ ಹೆಬ್ಬೇವು ಇಟ್ಟೆ, ಹದಿನೈದು ಅಡಿಗೊಂದು. ಹೆಬ್ಬೇವಿನ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿರುತ್ತೀರಿ. ಎಕರೆಗೆ ಇಷ್ಟು ಲಕ್ಷ ಬರುತ್ತದೆ ಎಂದು ಹೇಳಿ ಸಸಿ ಮಾರಿದವರು ಬಹಳ ಜನ. ಅಂಥ ಆಸೆಗೆ ಬಿದ್ದು ಇಡೀ ಹೊಲಕ್ಕೆ ಒತ್ತೊತ್ತಾಗಿ ಹಾಕಿದರೆ ನೀಲಗಿರಿಯ ಕತೆಯೇ ಮತ್ತೆ ಆಗುತ್ತದೆ. ಆದರೆ ಬದುವಿನ ಮೇಲೆ ಹೆಬ್ಬೇವು ಒಳ್ಳೆಯ ಜೊತೆಗಾರ. ಕಾಂಡ ನೇರ, ನೆರಳು ತೆಳು. ಪೈರಿಗೆ ಬಿಸಿಲು ಸಿಗುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ನೆಲ ಮುಚ್ಚುತ್ತದೆ. ಎಲೆಯನ್ನು ಆಡು ಕುರಿ ತಿನ್ನುತ್ತವೆ. ಆರರಿಂದ ಎಂಟು ವರ್ಷಕ್ಕೆ ಪ್ಲೈವುಡ್‌ಗೆ ಬರುತ್ತದೆ. ಅದಕ್ಕಿಂತ ಮುಖ್ಯ, ಇದು ನಮ್ಮ ನಾಡಿನದ್ದೇ ಮರ. ಹಕ್ಕಿಗಳಿಗೆ ಇದರ ಪರಿಚಯವಿದೆ.

ಹೋದ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಹೊಲದಲ್ಲಿದ್ದೆ. ಬರಿಗಾಲಲ್ಲಿ ನೆಲ ಮುಟ್ಟಲಾಗದಷ್ಟು ಬಿಸಿ. ಬದುವಿನ ಹೊಂಗೆ ಕೆಳಗೆ ಹೋದೆ. ಅಲ್ಲಿ ಆಗಲೇ ಪಕ್ಕದ ಹೊಲದವರ ಎರಡು ಎಮ್ಮೆ, ಒಬ್ಬ ಕುರಿ ಕಾಯುವ ಹುಡುಗ, ಅವನ ನಾಯಿ ಎಲ್ಲ ಸೇರಿದ್ದರು. ಮರದ ನೆರಳು ಎಷ್ಟು ತಂಪು ಕೊಡುತ್ತದೆ ಎಂದು ಬೆಂಗಳೂರಿನ ರಸ್ತೆಗಳಲ್ಲಿ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ತಂಡ ಅಳೆದು 2013ರಲ್ಲಿ ಪ್ರಕಟಿಸಿದೆ. ಮರವಿಲ್ಲದ ರಸ್ತೆಗಿಂತ ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೂ ತಂಪು. ರಸ್ತೆಯ ಮೈ 27.5 ಡಿಗ್ರಿಯವರೆಗೂ ತಂಪು. ನಗರದ ರಸ್ತೆಗೆ ಇಷ್ಟಾದರೆ, ನೆರಳೇ ಇಲ್ಲದ ನಮ್ಮ ಬಸ್ ಸ್ಟಾಪುಗಳಿಗೆ, ಶಾಲೆಯ ಅಂಗಳಗಳಿಗೆ, ಸಂತೆ ಮೈದಾನಗಳಿಗೆ ಎಷ್ಟಾದೀತು ಯೋಚಿಸಿ. ಆಲ, ಹುಣಸೆಗಳನ್ನೇ ನೆಡಬೇಕು, ನಿಜ. ಆದರೆ ಇವತ್ತು ಒಂದನೇ ಕ್ಲಾಸಿಗೆ ಸೇರಿದ ಮಗು ಆ ಹುಣಸೆಯ ನೆರಳಿಗೆ ಬರುವ ಮೊದಲು ಶಾಲೆ ಬಿಟ್ಟು ಹೋಗಿರುತ್ತದೆ. ಅದಕ್ಕೂ ಈಗ ನೆರಳು ಬೇಕು ಅಲ್ವಾ?

ಹಾಗಂತ ನಿಧಾನಕ್ಕೆ ಬೆಳೆಯುವ ಮರ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಗ ಬೆಳೆಯುವ ಮರದ ದೊಡ್ಡ ಉಪಕಾರವೇ ಅಲ್ಲಿರುವುದು. ಬೋಳು ಗೋಮಾಳದಲ್ಲಿ ಹಲಸು, ನೇರಳೆ, ಮಾವು ನೇರವಾಗಿ ನೆಟ್ಟರೆ ಮೊದಲ ಬೇಸಗೆಗೇ ಸುಟ್ಟುಹೋಗುತ್ತದೆ. ಮೊದಲು ಹೊಂಗೆ, ಗ್ಲಿರಿಸಿಡಿಯಾ, ಬಾಗೆ ಹಾಕಿ. ಅವು ಮೂರು ವರ್ಷದಲ್ಲಿ ನೆಲಕ್ಕೆ ನೆರಳು ತರುತ್ತವೆ, ಬಿಸಿಗಾಳಿ ತಡೆಯುತ್ತವೆ, ತರಗೆಲೆ ಹಾಸುತ್ತವೆ. ಹಕ್ಕಿಗಳು ಬಂದು ಕೂರುತ್ತವೆ. ಅವು ತಿಂದು ಬೀಳಿಸಿದ ಬೀಜದಿಂದ ಬೇವು, ಅತ್ತಿ ತಾವಾಗಿ ಏಳುತ್ತವೆ. ನನ್ನ ಬದುವಿನಲ್ಲಿ ಯಾರೂ ನೆಡದ ಏಳು ಬೇವಿನ ಗಿಡಗಳಿವೆ. ಆ ನೆರಳಿನಲ್ಲಿ ಹಲಸಿನ ಸಸಿ ಇಟ್ಟರೆ ಉಳಿಯುತ್ತದೆ. ಅದು ಎದ್ದು ನಿಂತ ಮೇಲೆ ಮೊದಲಿನವನ್ನು ಒಂದೊಂದಾಗಿ ಕಡಿದು ಸೌದೆಗೆ, ಗಳಕ್ಕೆ ಬಳಸಬಹುದು.

ಸೌದೆಯ ವಿಷಯ ಬಂತು. ಗ್ಯಾಸ್ ಬಂದ ಮೇಲೆ ಸೌದೆ ಯಾರಿಗೆ ಬೇಕು ಎಂದು ಪೇಟೆಯವರು ಕೇಳುತ್ತಾರೆ. ನಮ್ಮೂರಿನಲ್ಲಿ ಮನೆಮನೆಗೂ ಸಿಲಿಂಡರ್ ಇದೆ, ಸ್ನಾನದ ನೀರು ಕಾಯುವುದು ಮಾತ್ರ ಸೌದೆಯಲ್ಲೇ. ಮುದ್ದೆ ಬೇಯುವುದೂ ಎಷ್ಟೋ ಮನೆಯಲ್ಲಿ ಸೌದೆಯಲ್ಲೇ. ಆ ಸೌದೆ ಎಲ್ಲಿಂದಲೋ ಬರಬೇಕು. ಬದುವಿನಲ್ಲಿ ಇಲ್ಲದಿದ್ದರೆ ಗುಡ್ಡದ ಕುರುಚಲು ಕಾಡಿನಿಂದ ಬರುತ್ತದೆ. ನನ್ನ ಬದುವಿನ ಗ್ಲಿರಿಸಿಡಿಯಾ ಕಡ್ಡಿಗಳೇ ನಮ್ಮ ಹಂಡೆ ಒಲೆಗೆ ಈಗ ಸಾಕಾಗುತ್ತವೆ. ಗುಡ್ಡಕ್ಕೆ ನಮ್ಮ ಮನೆಯಿಂದ ಯಾರೂ ಮಚ್ಚು ಹಿಡಿದು ಹೋಗಿಲ್ಲ. ಬೇಗ ಬೆಳೆಯುವ ಮರ ಪರಿಸರಕ್ಕೆ ಮಾಡುವ ಎಲ್ಲಕ್ಕಿಂತ ದೊಡ್ಡ ಉಪಕಾರ ಇದೇ ಎಂದು ನನಗನ್ನಿಸುತ್ತದೆ. ಅದು ತಾನು ಕಡಿಸಿಕೊಂಡು ಕಾಡನ್ನು ಉಳಿಸುತ್ತದೆ.

ದೊಡ್ಡ ಪ್ರಮಾಣದಲ್ಲೂ ಇದೇ ಮಾತು. 1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ಕಾಡಿನ ಬಿದಿರನ್ನು ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟರು. ಬುಟ್ಟಿ ಹೆಣೆಯುವ ಮೇದಾರರಿಗೆ ಆ ಬೆಲೆಗೆ ಎಂದೂ ಸಿಗಲಿಲ್ಲ. ಕೆಲವೇ ದಶಕಗಳಲ್ಲಿ ಬಿದಿರು ಬರಿದಾಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಅಧ್ಯಯನ ಮಾಡಿ ನಾಡಿಗೆ ತಿಳಿಸಿದರು. ಕಾಗದ, ಪ್ಲೈವುಡ್, ಬೆಂಕಿಕಡ್ಡಿ, ಪ್ಯಾಕಿಂಗ್ ಪೆಟ್ಟಿಗೆ, ಇವು ಯಾವುದೂ ನಮಗೆ ಬೇಡವಾಗಿಲ್ಲ. ಇವು ರೈತನ ಬದುವಿನಿಂದ ಬರಲಿ. ಹರಿಯಾಣದ ಯಮುನಾನಗರದ ಪ್ಲೈವುಡ್ ಕಾರ್ಖಾನೆಗಳು ನಡೆಯುವುದು ರೈತರು ಬೆಳೆದ ಪೋಪ್ಲರ್ ಮರದಿಂದ. ಆ ಮರ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಕೆಳಗೆ ಗೋಧಿ ಬೆಳೆಯುತ್ತದೆ. ಪೋಪ್ಲರ್ ನಮ್ಮ ಹವೆಗೆ ಆಗುವುದಿಲ್ಲ. ಆ ಏರ್ಪಾಡು ಆಗುತ್ತದೆ.

ಇಂಗಾಲದ ವಿಷಯಕ್ಕೆ ಬಂದರೆ, ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. ಒಂದು ಟನ್ ಒಣ ಕಟ್ಟಿಗೆ ಬೆಳೆಯಲು ಮರ ಗಾಳಿಯಿಂದ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಿರುತ್ತದೆ. ಬೇಗ ಬೆಳೆಯುವ ಮರ ಅದನ್ನು ಬೇಗ ಎಳೆಯುತ್ತದೆ. ಆದರೆ ಅದೇ ಮರವನ್ನು ಸುಟ್ಟರೆ ಎಳೆದದ್ದೆಲ್ಲ ವಾಪಸ್ ಗಾಳಿಗೆ. ಬಾಗಿಲಾಗಿ, ಮಂಚವಾಗಿ ಉಳಿದರೆ ಅಷ್ಟು ವರ್ಷ ಹಿಡಿದಿಡುತ್ತದೆ. ಮಣ್ಣಿಗೆ ಸೇರಿದ ಎಲೆ, ಬೇರುಗಳಲ್ಲೂ ಒಂದು ಪಾಲು ಉಳಿಯುತ್ತದೆ. ಇದಕ್ಕಿಂತ ದೊಡ್ಡ ಮಾತು ಹೇಳಿ ರೈತರಿಗೆ ಆಸೆ ತೋರಿಸಬೇಡಿ.

ಇನ್ನು, ಎಲ್ಲಿ ನೆಡಬಾರದು ಅನ್ನುವುದನ್ನೂ ನೀವು ಕೇಳಬೇಕು. ರಾಣೆಬೆನ್ನೂರಿನ ಕೃಷ್ಣಮೃಗಗಳ ನೆಲೆ ಮೂಲದಲ್ಲಿ ಹುಲ್ಲುಗಾವಲು. ಅಲ್ಲಿ ನೀಲಗಿರಿ ಬೆಳೆಸಿದರು. ಕೃಷ್ಣಮೃಗಕ್ಕೂ, ಒಂದು ಕಾಲದಲ್ಲಿ ಅಲ್ಲಿ ಕಾಣುತ್ತಿದ್ದ ಎರೆಭೂತ ಎಂಬ ದೊಡ್ಡ ಹಕ್ಕಿಗೂ ಬೇಕಾದದ್ದು ಬಯಲು. ಹುಲ್ಲು ಇರುವ ಜಾಗ ಖಾಲಿ ಜಾಗವಲ್ಲ. ಕುರಿಗಾಹಿಗಳನ್ನು ಕೇಳಿ, ಅವರು ಹೇಳುತ್ತಾರೆ. ಮಲೆನಾಡಿನ ಗುಡ್ಡದ ತಲೆಯ ಹುಲ್ಲನ್ನೂ ಮುಟ್ಟಬೇಡಿ. ಇರುವ ಕಾಡನ್ನು ಕಡಿದು ಬೇಗ ಬೆಳೆಯುವ ಮರದ ತೋಪು ಮಾಡುವುದಂತೂ ಬೇಡವೇ ಬೇಡ. ಆಳ ಮಣ್ಣಿನ ಜಮೀನಿನಲ್ಲಿ ಒತ್ತಾಗಿ ಮರ ಹಾಕುವುದೂ ಬೇಡ. ಹೊಸಕೋಟೆಯ ಲೆಕ್ಕ ನಮಗೆ ಕಲಿಸಿದ ಪಾಠ ಅದು. ಸುಬಾಬುಲ್ ಹಾಕಿದರೆ ಕಾಯಿ ಬಲಿಯುವ ಮೊದಲೇ ಕಡಿಯಬೇಕು. ಇಲ್ಲದಿದ್ದರೆ ಎರಡು ವರ್ಷಕ್ಕೆ ಕಳೆಯಂತೆ ಹೊಲಕ್ಕೆ ನುಗ್ಗುತ್ತದೆ.

ಜಾಗಕ್ಕೆ ತಕ್ಕ ಮರ ಆರಿಸಿದರೆ ಹೊರಗಿನಿಂದ ಬಂದದ್ದೂ ನಿಲ್ಲುತ್ತದೆ. ಕಾರವಾರದ ಕಡಲ ದಂಡೆಯಲ್ಲಿ 1868ರಲ್ಲೇ ಗಾಳಿಮರ ನೆಟ್ಟಿದ್ದರು. ಮರಳಿನಲ್ಲಿ, ಉಪ್ಪು ಗಾಳಿಯಲ್ಲಿ ಬೇರೆ ಮರ ನಿಲ್ಲದ ಕಡೆ ಅದು ಇವತ್ತಿಗೂ ಊರಿಗೆ ಅಡ್ಡ ನಿಂತಿದೆ. ಅದರ ಬೇರಿಗೂ ಸಾರಜನಕ ಹಿಡಿಯುವ ಗುಣವಿದೆ. ನಮ್ಮ ಕೆರೆಗಳ ಅಂಗಳದ ಅಂಚಿಗೆ ಕರಿಜಾಲಿ ಸಾಕು. ನೀರು ನಿಂತರೂ ಸಾಯುವುದಿಲ್ಲ, ಬರ ಬಂದರೂ ಸಾಯುವುದಿಲ್ಲ. ಗಾಳಿ ಜೋರಾಗಿ ಬೀಸುವ ಕಡೆ ಹೊಲದ ಪಡುವಣ ಬದುವಿಗೆ ಒಂದು ಸಾಲು ಮರವಿದ್ದರೆ, ಮರದ ಎತ್ತರದ ಹತ್ತು ಪಟ್ಟು ದೂರದವರೆಗೂ ಪೈರಿಗೆ ಗಾಳಿಯ ಹೊಡೆತ ಕಡಿಮೆ. ಮಣ್ಣಿನ ತೇವವೂ ಅಷ್ಟು ಬೇಗ ಆರುವುದಿಲ್ಲ.

ಈಗ ನನ್ನ ಬೇಡಿಕೆಗಳು.

ನಿಮ್ಮದೇ ಒಂದು ಒಳ್ಳೆಯ ಯೋಜನೆಯಿಂದ ಶುರು ಮಾಡುತ್ತೇನೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ನೆಟ್ಟ ಸಸಿಗೆ ದುಡ್ಡು ಕೊಡುವುದಿಲ್ಲ, ಬದುಕಿದ ಸಸಿಗೆ ಕೊಡುತ್ತಾರೆ. ಮೊದಲ ವರ್ಷ ಬದುಕಿದ್ದರೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಒಟ್ಟು 125. ಇದು ಬಹಳ ನ್ಯಾಯವಾದ ಲೆಕ್ಕ. ಇದೇ ಲೆಕ್ಕವನ್ನು ರಸ್ತೆಬದಿಗೆ, ಗೋಮಾಳಕ್ಕೆ, ಶಾಲೆಗಳಿಗೆ ನೆಡುವವರಿಗೂ ಹಾಕಿ. ಜೂನ್ ಐದರ ಪರಿಸರ ದಿನದಂದು ಎಷ್ಟು ಸಸಿ ನೆಟ್ಟೆವು ಎನ್ನುವ ಸಂಖ್ಯೆ ಪೇಪರಿನಲ್ಲಿ ಬರುತ್ತದೆ. ಮೂರನೇ ವರ್ಷದ ಬೇಸಗೆ ಕಳೆದ ಮೇಲೆ ಎಷ್ಟು ಉಳಿದವು ಎನ್ನುವ ಸಂಖ್ಯೆ ಬರಬೇಕು. ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಿ. ಊರಿನವರೇ ಎಣಿಸಿಕೊಡುತ್ತಾರೆ.

ಎರಡು ವರ್ಷದ ಹಿಂದೆ ನಾನು ನರ್ಸರಿಯೊಂದರಿಂದ ಸಸಿ ಕೇಳಿದ್ದೆ. ಬಂದದ್ದು ಸೆಪ್ಟೆಂಬರ್ ಕೊನೆಗೆ. ಗೇಣುದ್ದದ ಸಸಿಗಳು, ಬೇರು ಪ್ಯಾಕೆಟ್ಟಿನೊಳಗೆ ಸುತ್ತಿಕೊಂಡಿತ್ತು. ನಮ್ಮಲ್ಲಿ ಹಿಂಗಾರು ಎಷ್ಟು ದಿನ ಇರುತ್ತದೆ? ಸಂಕ್ರಾಂತಿಯ ಹೊತ್ತಿಗೆ ಅರ್ಧಕ್ಕರ್ಧ ಒಣಗಿದವು. ನೀರು ಹೊತ್ತು ಹಾಕಿದ ಹೆಂಡತಿ, ಮಗಳ ಭುಜ ನೋವು ಮಾತ್ರ ಉಳಿಯಿತು. ಒಣ ಸೀಮೆಗೆ ಆಳೆತ್ತರದ, ದೊಡ್ಡ ಪ್ಯಾಕೆಟ್ಟಿನ, ಗಟ್ಟಿ ಸಸಿ ಬೇಕು. ಅದು ಜೂನ್ ತಿಂಗಳಲ್ಲೇ ಕೈಗೆ ಸಿಗಬೇಕು. ಎರಡು ಸಣ್ಣ ಸಸಿಯ ಬದಲು ಒಂದು ದೊಡ್ಡ ಸಸಿ ಕೊಡಿ. ಸಂಖ್ಯೆ ಅರ್ಧವಾಗುತ್ತದೆ, ಮರ ಜಾಸ್ತಿಯಾಗುತ್ತದೆ.

ನರ್ಸರಿಯಲ್ಲಿ ಏನು ಬೆಳೆಸಬೇಕು ಎಂದು ಹಿಂದಿನ ವರ್ಷವೇ ಗ್ರಾಮಸಭೆಯಲ್ಲಿ ಕೇಳಿ. ಹೊಂಗೆ, ಹೆಬ್ಬೇವು, ಬಾಗೆ, ಶಿವನೆ, ಅಗಸೆ, ಬಿದಿರು, ಅತ್ತಿ, ಇವೆಲ್ಲ ಬೇಗ ಬೆಳೆಯುವವೇ. ಹತ್ತು ಜಾತಿ ಇರಲಿ. ಒಂದಕ್ಕೆ ರೋಗ ಬಂದರೆ ಇನ್ನೊಂದು ನಿಲ್ಲುತ್ತದೆ. ನಮ್ಮೂರಿನ ಹೆಂಗಸರನ್ನು ಕೇಳಿದರೆ ಸೌದೆಯ ಮರ ಹೇಳುತ್ತಾರೆ, ಕುರಿಯವರು ಸೊಪ್ಪಿನ ಮರ ಹೇಳುತ್ತಾರೆ, ನೇಗಿಲು ಮಾಡುವವರು ಗಟ್ಟಿ ಮರ ಹೇಳುತ್ತಾರೆ. ಮೂವರ ಮಾತೂ ಬೇಕು.

ಕಡಿಯುವ ಅನುಮತಿಯ ವಿಷಯದಲ್ಲಿ ಕೊಡಗನ್ನು ನೋಡಿ. ಕಾಫಿ ತೋಟದ ನೆರಳಿಗೆ ನೂರಾರು ಜಾತಿಯ ಕಾಡುಮರಗಳಿದ್ದವು. ಎಷ್ಟೋ ಬೆಳೆಗಾರರು ಅವುಗಳ ಜಾಗದಲ್ಲಿ ಆಸ್ಟ್ರೇಲಿಯಾದ ಸಿಲ್ವರ್ ಓಕ್ ತಂದರು. ಅದು ಬೇಗ ಬೆಳೆಯುತ್ತದೆ ಎನ್ನುವುದು ಒಂದು ಕಾರಣ. ಅದನ್ನು ಕಡಿದು ಮಾರುವುದು ಸುಲಭ, ನಾಡಿನ ಮರಕ್ಕೆ ಮಾತ್ರ ಹಕ್ಕು, ಅನುಮತಿ ಎಂದು ಅಲೆಯಬೇಕು ಎನ್ನುವುದು ಇನ್ನೊಂದು ಕಾರಣ. ನಮ್ಮದೇ ಮರ ನೆಟ್ಟವನಿಗೆ ಕಷ್ಟ, ಹೊರಗಿನದನ್ನು ನೆಟ್ಟವನಿಗೆ ಸಲೀಸು. ಇದು ಉಲ್ಟಾ ಆಗಬೇಕು. ಬಿದಿರಿಗೆ 2017ರಲ್ಲಿ ಕೇಂದ್ರ ಸರ್ಕಾರ ಕಾನೂನು ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರು ಮರವಲ್ಲ ಎಂದಿತು. ಹಾಗೆಯೇ ರೈತ ತನ್ನ ಜಮೀನಿನಲ್ಲಿ ತಾನೇ ನೆಟ್ಟು ಪಹಣಿಯಲ್ಲಿ ಬರೆಸಿದ ನಾಡಿನ ಮರವನ್ನು ಕಡಿಯಲು ಅಲೆದಾಡುವಂತಾಗಬಾರದು. ಕಡಿಯಲು ಬಿಡುವುದಿಲ್ಲ ಎಂದು ಗೊತ್ತಾದರೆ ಯಾರೂ ನೆಡುವುದಿಲ್ಲ. ಮೊಳಕೆಯಲ್ಲೇ ಕಿತ್ತುಬಿಡುತ್ತಾರೆ. ನಾನೇ ನೋಡಿದ್ದೇನೆ.

ಪಂಚಾಯಿತಿ ಸದಸ್ಯರಲ್ಲಿ ಒಂದು ಮಾತು. ಗೋಮಾಳವನ್ನು ಪೂರ್ತಿ ಮರದಿಂದ ತುಂಬಿಸಬೇಡಿ. ದನಕ್ಕೆ ಹುಲ್ಲೂ ಬೇಕು. ಅಂಚಿಗೆ ಸಾಲು, ಒಳಗೆ ಅಲ್ಲಲ್ಲಿ ಗುಂಪು. ಮೊದಲ ಎರಡು ವರ್ಷ ಪಾಳಿ ಹಾಕಿ ಒಂದೊಂದು ಭಾಗ ಮುಚ್ಚಿ, ಉಳಿದ ಭಾಗ ಮೇಯಲು ಬಿಡಿ. ಕಾಯುವ ಕೆಲಸವನ್ನು ಊರಿನ ಕುರಿಗಾಹಿಗೇ ಕೂಲಿ ಕೊಟ್ಟು ಒಪ್ಪಿಸಿ. ಮೇಯಿಸುವವನಿಗಿಂತ ಚೆನ್ನಾಗಿ ಕಾಯುವವನು ಸಿಗುವುದಿಲ್ಲ. ಮರ ಕಡಿದಾಗ ಬಂದ ದುಡ್ಡು ಊರಿಗೆ ಸೇರಬೇಕು ಎಂದು ಮೊದಲೇ ಕಾಗದದಲ್ಲಿ ಬರೆದಿಡಿ. ಕುಸನೂರಿನ ಜನ ಬೀದಿಗೆ ಬಂದದ್ದು ಬರೀ ನೀಲಗಿರಿಯ ವಿರುದ್ಧ ಅಲ್ಲ. ತಮ್ಮ ನೆಲದ ಬಗ್ಗೆ ತಮ್ಮನ್ನು ಕೇಳದೆ ಬರೆದ ಕಾಗದದ ವಿರುದ್ಧ.

ಗ್ರಾಮಸಭೆಯಲ್ಲಿ ಬೇಡ ಎಂದಿದ್ದ ಹಿರಿಯರನ್ನು ಹೋದ ವಾರ ನಮ್ಮ ಹೊಲಕ್ಕೆ ಕರೆದುಕೊಂಡು ಹೋಗಿದ್ದೆ. ಬದುವಿನ ಉದ್ದಕ್ಕೂ ನಡೆದರು. ಗ್ಲಿರಿಸಿಡಿಯಾ ಎಲೆ ಕೊಳೆತ ಜಾಗದಲ್ಲಿ ಕೋಲಿನಿಂದ ಮಣ್ಣು ಕೆದಕಿ ನೋಡಿದರು. ಹೊಂಗೆ ಕೆಳಗೆ ಕೂತು ನೀರು ಕುಡಿದರು. ಏಳುವಾಗ ಕೇಳಿದರು: "ಇದರ ಕಡ್ಡಿ ಒಂದು ಹೊರೆ ಕೊಡ್ತೀಯಾ?"

ನಮ್ಮ ಗೋಮಾಳದ ಅಂಚಿಗೆ ಮೇ ತಿಂಗಳ ಮೊದಲ ಮಳೆಗೆ ಗುಂಡಿ ತೋಡಲು ಹದಿನೆಂಟು ಮನೆಯವರು ಒಪ್ಪಿದ್ದಾರೆ. ನಮಗೆ 200 ಹೊಂಗೆ, 100 ಹೆಬ್ಬೇವು, 60 ಬಾಗೆ, 40 ಅತ್ತಿ ಬೇಕು. ಆಳೆತ್ತರದವು, ಜೂನ್ ಎರಡನೇ ವಾರದೊಳಗೆ. ಬೇಲಿಗೆ ಬೇಕಾದ ಗ್ಲಿರಿಸಿಡಿಯಾ ಕಡ್ಡಿ ನಮ್ಮಲ್ಲೇ ಇದೆ. ಬೇರೆ ಊರಿನವರು ಕೇಳಿದರೆ ಅವರಿಗೂ ಕೊಡುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಕೋಲಾರ ಜಿಲ್ಲೆಯ ಒಬ್ಬ ರೈತ